ಬೆಂಗಳೂರಿನಲ್ಲಿ ನಮ್ಮ ಸೀಮೆಯ ಊಟ

ಮಡಕಶಿರಾ, ರಾಯದುರ್ಗಗಳ ಕನ್ನಡ ಮನೆತನಗಳಿಗೆ ಸರ್ಕಾರ ಆಂಧ್ರದ್ದಾದರೂ, ದೊಡ್ಡ ಕಾಯಿಲೆ ಬಂದಾಗ, ಮಗನಿಗೆ ಕಾಲೇಜು ಹುಡುಕುವಾಗ, ಮದುವೆಯ ಜವಳಿ ಕೊಳ್ಳುವಾಗ ಕಾಲು ನಡೆಯುವುದು ಬೆಂಗಳೂರಿನ ಕಡೆಗೇ. ಹಾಗೆ ಹೋಗಿ ಬಂದವರಲ್ಲಿ ಹಲವರು ಆಡುವ ಮಾತೊಂದುಂಟು: "ಅಲ್ಲಿ ಹೊಟ್ಟೆಗೆ ಹಿಡಿಯುವ ಊಟವೇ ಸಿಗಲಿಲ್ಲ." ನಗರದಲ್ಲಿ ಊಟಕ್ಕೆ ಬರವಿಲ್ಲ. ನಮ್ಮ ಊಟಕ್ಕೆ ಅಲ್ಲೊಂದು ಹೆಸರಿಲ್ಲ, ತೊಡಕಿರುವುದು ಅಲ್ಲಿಯೇ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ, ಆದವಾನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮಡಕಶಿರಾ ಅದಕ್ಕೂ ಬಹು ಹಿಂದಿನಿಂದ ಅನಂತಪುರ ಜಿಲ್ಲೆಯಲ್ಲಿತ್ತು; 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗೆರೆ ಎಲ್ಲಿ ಬಿದ್ದರೂ ಒಲೆಯ ಮೇಲಿನ ಪಾತ್ರೆ ಬದಲಾಗಲಿಲ್ಲ. ನಾವು ಮುದ್ದೆ ಎನ್ನುವುದನ್ನು ನೆರೆಮನೆಯ ತೆಲುಗರು ಸಂಗಟಿ ಎನ್ನುತ್ತಾರೆ. ನಮ್ಮ ಹಿದುಕಿದ ಬೇಳೆ ಅವರಿಗೆ ಪಿತಿಕಿನ ಪಪ್ಪು. ನಮ್ಮ ಒಗ್ಗರಣೆ ಮಂಡಕ್ಕಿ ಅವರ ಉಗ್ಗಾಣಿ.

ಬೆಂಗಳೂರಿನಲ್ಲಿ "ಆಂಧ್ರ ಊಟ" ಎಂಬ ಫಲಕ ಕಂಡೊಡನೆ ನಮ್ಮವರು ತಮ್ಮದೇ ಎಂದು ಒಳಗೆ ನುಗ್ಗುವುದುಂಟು. ರೆಸಿಡೆನ್ಸಿ ರಸ್ತೆಯ ನಾಗಾರ್ಜುನ ಈ ಬಗೆಯಲ್ಲಿ ಹೆಸರಾದದ್ದು. 1984ರಿಂದ ಬಾಳೆಯೆಲೆಯ ಮೇಲೆ ಬಡಿಸುತ್ತಿದೆ. ಪಪ್ಪು, ಪುಡಿ, ತುಪ್ಪ ಎಲ್ಲವೂ ರುಚಿಯೇ. ಆದರೆ ಈ ಬಗೆಯ ಊಟದಲ್ಲಿ ಅನ್ನವೇ ಅರಸು. ಗೊಂಗೂರ, ಆವಕಾಯಿಗಳ ಮೂಲಕ ಅದು ಕರಾವಳಿ ಆಂಧ್ರದ ಕಡೆಗೇ ವಾಲುತ್ತದೆ. ಆರೋಗ್ಯವಂತ ತರುಣರಿಗೆ ಹಬ್ಬ, ವೃದ್ಧರಿಗೆ ಆ ಖಾರ ಒಗ್ಗದು.

ಇನ್ನೊಂದು ಕಡೆ ಉಡುಪಿ ಸೀಮೆಯವರು ಬೆಳೆಸಿದ ಹೋಟೆಲುಗಳು. 1924ರಲ್ಲಿ ಆರಂಭವಾದ ಮಾವಳ್ಳಿಯ ಎಂ.ಟಿ.ಆರ್., 1943ರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ಇವುಗಳ ಕೀರ್ತಿಯನ್ನು ನಾನು ಹೇಳಬೇಕಾದುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲಿಯೇ ಎಂದು ಎಂ.ಟಿ.ಆರ್.ನವರು ಹೇಳಿಕೊಳ್ಳುತ್ತಾರೆ. ದೋಸೆ ತಿನ್ನಲು ಅಲ್ಲಿಗೆ ಅವಶ್ಯವಾಗಿ ಹೋಗಿರಿ. ಆದರೆ ಎಂಟು ದಿನ ಆಸ್ಪತ್ರೆಯಲ್ಲಿ ಕಾಯಬೇಕಾದವರು ದೋಸೆಯಿಂದ ದಿನ ದೂಡಲಾರರು.

ನಮ್ಮ ಸೋದರತ್ತೆಯವರನ್ನು ಚಿಕಿತ್ಸೆಗೆಂದು ಕರೆದೊಯ್ದಾಗ ಇದು ನನಗೆ ಮನದಟ್ಟಾಯಿತು. ಮೂರನೆಯ ದಿನ ಅವರು ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಅಪ್ಪಾ, ಒಂದು ಮುದ್ದೆ ಎಲ್ಲಾದರೂ ಸಿಕ್ಕೀತೇ?" ಎಂದರು. ಆ ಮಧ್ಯಾಹ್ನ ನಾನು ಅಲೆದಾಡಿ ಅರಿತದ್ದು ಇಷ್ಟು. ಮುದ್ದೆಗೆ ಮಿಲಿಟರಿ ಹೋಟೆಲೇ ಗತಿ, ಕಾಟನ್‌ಪೇಟೆಯ ಎಸ್.ಜಿ. ರಾವ್ ಅವರದು ಅಂಥ ಹಳೆಯ ಮನೆಗಳಲ್ಲೊಂದು. ಮಾಂಸಾಹಾರಿಗಳಿಗೆ ಯೋಚನೆಯೇ ಇಲ್ಲ. ಸಸ್ಯಾಹಾರಿಗಳು ಸೊಪ್ಪಿನ ಸಾರಿನೊಡನೆ ಮುದ್ದೆ ಕೊಡುವ ಸಣ್ಣ ಮೆಸ್ಸುಗಳನ್ನು ವಿಚಾರಿಸಿ ಹುಡುಕಬೇಕು. ಹೊತ್ತನ್ನು ಮಾತ್ರ ಮರೆಯಬೇಡಿ. ಮುದ್ದೆಯನ್ನು ಬಿಸಿಯಾಗಿಯೇ ತೊಳಸಿ ಕಟ್ಟಿ ಬಡಿಸಬೇಕಾದುದರಿಂದ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ ಹೋಗುವುದು ಲೇಸು. ಆರಿ ಬಿರುಸಾದ ಮುದ್ದೆ ರೋಗಿಯ ಗಂಟಲಲ್ಲಿ ಇಳಿಯದು. ಕೈ ಬಿಗಿಯಿದ್ದವರಿಗೆ 2017ರ ಆಗಸ್ಟ್‌ನಲ್ಲಿ 10 ರೂಪಾಯಿಯ ಮಧ್ಯಾಹ್ನದೂಟದೊಡನೆ ಆರಂಭವಾದ ಇಂದಿರಾ ಕ್ಯಾಂಟೀನುಗಳಿವೆ. ಅಲ್ಲಿ ನಿಂತು ಉಣ್ಣಲು ಸಂಕೋಚವೇಕೆ?

ರಾಯದುರ್ಗದ ಕಡೆಯವರು ಜೋಳದ ರೊಟ್ಟಿಯನ್ನು ಕೇಳುತ್ತಾರೆ. ಅದಕ್ಕೆ ಉತ್ತರ ಕರ್ನಾಟಕದ ಖಾನಾವಳಿಗಳಿವೆ. ಎಣ್ಣೆಗಾಯಿ, ಶೇಂಗಾ ಚಟ್ನಿ ನಮ್ಮ ಮನೆಯದಕ್ಕೆ ತೀರ ಹತ್ತಿರ. ಇಲ್ಲೊಂದು ಮಾತು. ಈಗ ಬೆಂಗಳೂರಿನ ತರುಣರು ಮೆಕ್ಸಿಕೊ ದೇಶದ ಟಾಕೊ ಎಂಬುದಕ್ಕೆ ಮನಸೋತಿದ್ದಾರೆ. ಆ ದೇಶದ ಜನ ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿ, ರುಬ್ಬಿ, ತೆಳ್ಳಗೆ ತಟ್ಟಿ, ಹೆಂಚಿನ ಮೇಲೆ ಸುಟ್ಟು, ಪಲ್ಯವಿಟ್ಟು ಮಡಚಿ ತಿನ್ನುತ್ತಾರೆ. ನಮ್ಮ ರೊಟ್ಟಿಗೆ ದೂರದ ದಾಯಾದಿಯೇ ಸರಿ! ನಮ್ಮ ಮೆಣಸಿನಕಾಯಿ, ಶೇಂಗಾಗಳೂ ಅಮೆರಿಕ ಖಂಡದವೇ. ಪೋರ್ಚುಗೀಸರು ಬಂದ ಮೇಲೆ ಈ ನಾಡಿಗೆ ಬಂದವು. ಅನಂತಪುರದ ರೈತನು ಶೇಂಗಾವನ್ನು ಪರದೇಶದ್ದೆಂದು ಎಣಿಸಿಯಾನೇ?

ಚಳಿಗಾಲದಲ್ಲಿ ಹೋಗುವವರು ಪುಣ್ಯವಂತರು. ಅವರೆಕಾಯಿಯ ಕಾಲದಲ್ಲಿ ಸಜ್ಜನರಾವ್ ವೃತ್ತದ ಬಳಿಯ ವಿಶ್ವೇಶ್ವರಪುರದ ತಿಂಡಿಬೀದಿಯಲ್ಲಿ ನಡೆಯುತ್ತಿದ್ದ ಅವರೆ ಮೇಳ, ಜನಸಂದಣಿ ಹೆಚ್ಚಿ 2023ರಲ್ಲಿ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಬಂದಿತು. ಹಿದುಕಿದ ಬೇಳೆಯ ಸಾರು ಅಲ್ಲಿ ಸಿಗುತ್ತದೆ. ಅವರೆಬೇಳೆಯ ಜಿಲೇಬಿಯನ್ನೂ ಮಾಡುತ್ತಾರೆ. ಅದು ನನಗೆ ಹಿಡಿಸಲಿಲ್ಲ, ಮಕ್ಕಳಿಗೆ ಹಿಡಿಸೀತು.

ಒಗ್ಗರಣೆ ಮಂಡಕ್ಕಿಯೂ ಮೆಣಸಿನಕಾಯಿ ಬಜ್ಜಿಯೂ ರಾಯದುರ್ಗದ ಬೆಳಗಿನ ಹದದಲ್ಲಿ ನನಗೆ ಆ ನಗರದಲ್ಲಿ ದೊರೆಯಲಿಲ್ಲ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡುವ ಕೈ ಅಲ್ಲಿಯವರಿಗಿಲ್ಲ. ಒಂದೋ ಗರಿಗರಿ, ಇಲ್ಲವೇ ಮುದ್ದೆ. ಬಾಡಿಗೆ ಕೋಣೆಯಲ್ಲಿ ಒಲೆಯ ಅನುಕೂಲವಿದ್ದವರು ಒಂದು ಚೀಲ ಮಂಡಕ್ಕಿಯನ್ನೂ ಹುರಿಗಡಲೆ ಪುಡಿಯನ್ನೂ ಊರಿನಿಂದಲೇ ಒಯ್ಯುವುದು ಒಳಿತು. ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆಹಣ್ಣು ಅಲ್ಲಿಯೇ ಸಿಗುತ್ತವೆ.