ಇಂದಿರಾಬಾಯಿ ದಾಟಿದ ಹೊಸ್ತಿಲು

ಕನ್ನಡದ ಸಣ್ಣಕತೆ ಹತ್ತೊಂಬತ್ತನೆಯ ಶತಮಾನವನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಪಂಜೆ ಮಂಗೇಶರಾಯರ ಮೊದಲ ಕತೆಗಳು ಮಂಗಳೂರಿನ 'ಸುವಾಸಿನಿ' ಪತ್ರಿಕೆಯಲ್ಲಿ ಬಂದದ್ದು 1900ರಲ್ಲಿ. ಅಷ್ಟರಲ್ಲಿ ಬಂಗಾಳದಲ್ಲಿ ಟಾಗೋರರು 'ದೇನಾ ಪಾವೊನಾ' ಬರೆದು ಒಂಬತ್ತು ವರ್ಷವಾಗಿತ್ತು. ಅಮೆರಿಕದ ಕೇಟ್ ಶೊಪ್ಯಾನ್, ಗಂಡ ರೈಲು ಅಪಘಾತದಲ್ಲಿ ಸತ್ತನೆಂಬ ಸುದ್ದಿ ಕೇಳಿ ಒಂದೇ ಒಂದು ಗಂಟೆ ಸ್ವತಂತ್ರಳಾಗಿ ಬದುಕಿದ ಹೆಂಗಸಿನ ಕತೆಯನ್ನು 1894ರಲ್ಲೇ ಬರೆದಿದ್ದಳು.

ನೋಯ್ಡಾದಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಓದುವ ಬಳಗದಲ್ಲಿ ಇವೆರಡನ್ನೂ ಓದಿದೆವು. ಆಗ ಒಬ್ಬ ಹುಡುಗಿ, "ಅದೇ ಕಾಲದಲ್ಲಿ ನಮ್ಮವರು ಏನು ಬರೀತಿದ್ರು?" ಎಂದು ಕೇಳಿದಳು. ಸಣ್ಣಕತೆ ಇಲ್ಲ, ನಿಜ. ಒಂದು ನಾಟಕ ಮತ್ತು ಒಂದು ಕಾದಂಬರಿ ಇವೆ. ಎರಡನ್ನೂ 'ಮೊದಲ' ಎಂಬ ಪಟ್ಟ ಕಟ್ಟಿ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೇವೆ. ಎಂ.ಎ. ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡಿದವರೇ ಹೆಚ್ಚು, ಓದಿದವರು ಕಡಿಮೆ.

ನಾಟಕ ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ', 1887ರದ್ದು. ಶಾಸ್ತ್ರಿಗಳು ಹೊನ್ನಾವರದ ಹತ್ತಿರದ ಕರ್ಕಿಯವರು. ಊರು ಬಿಟ್ಟು ಮುಂಬಯಿಗೆ ಹೋಗಿ, ಅಲ್ಲಿ 'ಹವ್ಯಕ ಸುಬೋಧ' ಎಂಬ ಪತ್ರಿಕೆ ನಡೆಸಿದವರು. ಅಂದರೆ ನಮ್ಮ ಹಾಗೇ ವಲಸಿಗರು. ಊರಿನಲ್ಲಿದ್ದಿದ್ದರೆ ಈ ನಾಟಕ ಬರೆಯುವ ಧೈರ್ಯ ಬರುತ್ತಿತ್ತೋ ಇಲ್ಲವೋ ಎಂದು ನನಗೆ ಅನುಮಾನ. ಯಾಕೆಂದರೆ ಅವರು ಹಿಡಿದದ್ದು ಸ್ವಂತ ಸಮಾಜದ ಕನ್ಯಾವಿಕ್ರಯವನ್ನು. ಇಲ್ಲಿ ಹೆಣ್ಣಿನ ಅಪ್ಪ ವರದಕ್ಷಿಣೆ ಕೊಡುವುದಿಲ್ಲ. ವರನ ಕಡೆಯಿಂದ 'ತೆರ' ತೆಗೆದುಕೊಂಡು ಮಗಳನ್ನು ಕೊಡುತ್ತಾನೆ. ದುಡ್ಡಿದ್ದ ಮುದುಕನಿಗೂ ಎಳೆಯ ಹುಡುಗಿ ಸಿಗುತ್ತಾಳೆ. ಇದನ್ನು ಧರ್ಮಶಾಸ್ತ್ರವೇ ಆಸುರ ವಿವಾಹವೆಂದು ಕೆಳಗಿನ ಸಾಲಿಗೆ ಹಾಕಿದೆ, ಆದರೂ ಶಾಸ್ತ್ರ ಓದಿದವರ ಮನೆಗಳಲ್ಲೇ ನಡೆಯುತ್ತಿತ್ತು. ಶಾಸ್ತ್ರಿಗಳು ಉಪದೇಶಕ್ಕೆ ಇಳಿಯದೆ, ಹವ್ಯಕರ ಮನೆಮಾತನ್ನೇ ರಂಗದ ಮೇಲೆ ತಂದು ನಗಿಸಿದರು.

ಟಾಗೋರರ ನಿರುಪಮೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಅಪ್ಪ ಹತ್ತು ಸಾವಿರ ರೂಪಾಯಿ ಒಪ್ಪಿಕೊಂಡು ಪೂರ್ತಿ ಕೊಡಲಾರದೆ ಹೋಗುತ್ತಾನೆ. ಕಡೆಗೆ ಮನೆ ಮಾರಿ ಹಣ ತಂದರೆ ಮಗಳೇ ಬೇಡ ಎನ್ನುತ್ತಾಳೆ, ಕೊಟ್ಟರೆ ತನಗೇ ಅವಮಾನ ಎನ್ನುತ್ತಾಳೆ. ಅತ್ತೆಮನೆಯ ತಾತ್ಸಾರದಲ್ಲಿ ಸಾಯುತ್ತಾಳೆ. ಮಗನಿಗೆ ಮುಂದಿನ ಹೆಣ್ಣು ಇಪ್ಪತ್ತು ಸಾವಿರಕ್ಕೆ ಗೊತ್ತಾಗುತ್ತದೆ, ಕೈಯಲ್ಲಿ ನಗದು. ಒಂದು ಕಡೆ ಹುಡುಗಿಗೆ ಬೆಲೆ, ಇನ್ನೊಂದು ಕಡೆ ಹುಡುಗನಿಗೆ. ವ್ಯಾಪಾರ ಮಾತ್ರ ಎರಡೂ ಕಡೆ ಹುಡುಗಿಯದೇ.

ದೆಹಲಿಯ ಸುತ್ತಮುತ್ತ ಇರುವ ನಮಗೆ ಇದು ಹಳೆಯ ಕತೆ ಅನ್ನಿಸಬೇಕಾಗಿಲ್ಲ. ಗುರುಗ್ರಾಮದ ಗಾಜಿನ ಕಟ್ಟಡಗಳನ್ನು ದಾಟಿ ನೂಹ್ ಕಡೆ ಹೋದರೆ ಬಿಹಾರ, ಬಂಗಾಳ, ಅಸ್ಸಾಮಿನಿಂದ ದುಡ್ಡು ಕೊಟ್ಟು ತಂದ ಸೊಸೆಯರಿದ್ದಾರೆ. 'ಮೋಲ್ಕಿ' ಎನ್ನುತ್ತಾರೆ, ಮೋಲು ಅಂದರೆ ಬೆಲೆ. 2011ರ ಜನಗಣತಿಯಲ್ಲಿ ಹರಿಯಾಣದಲ್ಲಿ ಸಾವಿರ ಗಂಡಸರಿಗೆ 879 ಹೆಂಗಸರು. ಅದೇ ರಾಜ್ಯದಲ್ಲಿ ಊರಿನ ಹುಡುಗಿಗೆ ಕಾರಿನ ಸಮೇತ ವರದಕ್ಷಿಣೆಯೂ ನಡೆಯುತ್ತದೆ. ಇಗ್ಗಪ್ಪನೂ ನಿರುಪಮೆಯ ಮಾವನೂ ಒಂದೇ ಹಳ್ಳಿಯಲ್ಲಿ ಅಕ್ಕಪಕ್ಕದ ಮನೆಯವರು! ನಮ್ಮ ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಹುಡುಗರಿಗೂ ಈಗ ಹೆಣ್ಣು ಸಿಗುವುದಿಲ್ಲ. ಉತ್ತರ ಭಾರತದಿಂದ ಸೊಸೆ ತಂದ ಮನೆಗಳ ಸುದ್ದಿ ಊರಿಗೆ ಹೋದಾಗಲೆಲ್ಲ ಕೇಳುತ್ತೇವೆ. ಎಲ್ಲವೂ ಮಾರಾಟವೆಂದು ನಾನು ಹೇಳುತ್ತಿಲ್ಲ, ಸುಖವಾಗಿರುವವರೂ ಇದ್ದಾರೆ. ಆ ಹುಡುಗಿಯನ್ನು ಯಾರಾದರೂ ಕೇಳಿದರೇ ಎಂಬುದಷ್ಟೇ ಪ್ರಶ್ನೆ.

ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ಶಾಸ್ತ್ರಿಗಳ ಮುಂಬಯಿಯಲ್ಲೇ, ಅದೇ 1887ರಲ್ಲಿ, ರುಖ್ಮಾಬಾಯಿ ತೋರಿಸಿದಳು. ಹನ್ನೊಂದನೆಯ ವಯಸ್ಸಿಗೆ ಮದುವೆಯಾದವಳು, ಗಂಡ ದಾದಾಜಿ ಭಿಕಾಜಿಯ ಜೊತೆ ಬಾಳುವುದಿಲ್ಲ ಎಂದಳು. ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲು ಎಂದು ಕೋರ್ಟು ಹೇಳಿತು. ಜೈಲಾದರೂ ಸರಿ ಅಂದಳು. ಮರುವರ್ಷ ದಾದಾಜಿ ಎರಡು ಸಾವಿರ ರೂಪಾಯಿ ತೆಗೆದುಕೊಂಡು ಬಿಟ್ಟುಕೊಟ್ಟ. ಇಲ್ಲೂ ಒಂದು ಬೆಲೆ. ಅವಳು ಲಂಡನ್ನಿಗೆ ಹೋಗಿ ವೈದ್ಯೆಯಾಗಿ ಬಂದು ಸೂರತ್ತಿನಲ್ಲಿ ಆಸ್ಪತ್ರೆಯ ಕೆಲಸ ಮಾಡಿದಳು.

ಕಾನೂನು ಆಗ ಕುಂಟುತ್ತಿತ್ತು. 1891ರಲ್ಲಿ ಬ್ರಿಟಿಷ್ ಸರ್ಕಾರ ಸಮ್ಮತಿ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ್ದಕ್ಕೇ ದೇಶವೆಲ್ಲ ಗಲಾಟೆ. 1894ರಲ್ಲಿ ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾದರೆ ಶಿಕ್ಷೆ ಎಂದಿತು. ಇಗ್ಗಪ್ಪನಂಥವರಿಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ. ಆದರೆ ಕರ್ಕಿ ಮುಂಬಯಿ ಪ್ರಾಂತ್ಯದಲ್ಲಿತ್ತು, ಮಂಗಳೂರು ಮದ್ರಾಸಿನಲ್ಲಿ. ಮೈಸೂರಿನ ಕಾನೂನು ಘಟ್ಟ ಇಳಿಯುವಂತಿರಲಿಲ್ಲ.

ಆ ಮಂಗಳೂರಿನಿಂದಲೇ 1899ರಲ್ಲಿ ಬಾಸೆಲ್ ಮಿಶನ್ ಅಚ್ಚುಕೂಟದಿಂದ 'ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು' ಬಂತು. ಬರೆದವರು ಗುಲ್ವಾಡಿ ವೆಂಕಟರಾಯರು, ಪೊಲೀಸ್ ಇಲಾಖೆಯಲ್ಲಿದ್ದವರು. ಅದು ಪುಟಪುಟದಲ್ಲೂ ಕಾಣುತ್ತದೆ. ಲಂಚ, ಒಳಸಂಚು, ಸಂತರ ವೇಷದವರ ರಾತ್ರಿಯ ವ್ಯವಹಾರ, ಎಲ್ಲವನ್ನೂ ಮಹಜರು ಬರೆಯುವವರ ಕಣ್ಣಿನಿಂದ ನೋಡುತ್ತಾರೆ. ಸುಧಾರಣೆಯ ಭಾಷಣಗಳು ಬಂದಾಗ ಮಾತ್ರ, ಒಪ್ಪಿಕೊಳ್ಳುತ್ತೇನೆ, ಪುಟ ಹಾರಿಸಬೇಕೆನ್ನಿಸುತ್ತದೆ.

ಇಂದಿರೆ ಕಮಲಪುರದ ಶ್ರೀಮಂತ ಭೀಮರಾಯನ ಮಗಳು, ಬಾಲ್ಯದಲ್ಲೇ ವಿಧವೆ. ತಾಯಿ ಅಂಬಾಬಾಯಿ ಸಂತಮಂಡಳಿಯ ಭಕ್ತೆ. ಮಗಳು ಪುಸ್ತಕ ಓದುವುದು ಅವಳಿಗೆ ಸೇರದು, ಸಂತರ ಸೇವೆ ಮಾಡಲಿ ಎಂಬುದೇ ಆಸೆ. ಆ ಸೇವೆ ಎಲ್ಲಿಗೆ ಮುಟ್ಟುತ್ತದೆಂದು ಗೊತ್ತಾದಾಗ ಇಂದಿರೆ ಮನೆ ಬಿಟ್ಟು ಸುಧಾರಣಾವಾದಿ ಅಮೃತರಾಯನ ಮನೆ ಸೇರುತ್ತಾಳೆ. ಜಾತಿಯವರು ಬಹಿಷ್ಕಾರ ಹಾಕುತ್ತಾರೆ. ಅವಳು ಓದು ಮುಂದುವರಿಸುತ್ತಾಳೆ. ಅಮೃತರಾಯನ ಆಶ್ರಯದಲ್ಲೇ ಬೆಳೆದ ಭಾಸ್ಕರ ಇಂಗ್ಲೆಂಡಿಗೆ ಹೋಗಿ ಐ.ಸಿ.ಎಸ್. ಮಾಡಿ ಬಂದು ಅವಳನ್ನು ಮದುವೆಯಾಗುತ್ತಾನೆ.

ಎಲ್ಲರೂ ನೆನಪಿಟ್ಟುಕೊಂಡಿರುವುದು ಆ ಮದುವೆಯನ್ನು. ವಿಧವಾ ವಿವಾಹದ ಕಾದಂಬರಿ ಎಂದು ಹೆಸರು. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಅವಳು ಮನೆ ಬಿಟ್ಟ ಆ ಗಳಿಗೆ. ಆಗ ಭಾಸ್ಕರನ ಆಸೆ ಇಲ್ಲ, ಯಾರೂ ಕರೆದಿಲ್ಲ, ಹೊರಗೆ ಏನಿದೆ ಎಂಬ ಖಾತ್ರಿಯೂ ಇಲ್ಲ. ಬೇಡ ಎನ್ನುವುದಕ್ಕಾಗಿ ಹೊರಟದ್ದು ಅದು. ಮದುವೆ ಲೇಖಕರು ಅವಳಿಗೆ ಕೊಟ್ಟ ಬಹುಮಾನ. ಅದೂ ಸರ್ಕಾರಿ ಅಧಿಕಾರಿಯ ಕೈಯಿಂದ! ಒಬ್ಬ ಗಂಡಸಿನ ಮನೆಯಿಂದ ಇನ್ನೊಬ್ಬನ ಮನೆಗೆ, ಅಲ್ಲಿಂದ ಮೂರನೆಯವನ ಮನೆಗೆ ಹೋಗುವುದೇ ಸ್ವಾತಂತ್ರ್ಯವೇ ಎಂದು ಬಳಗದ ಹುಡುಗಿಯರು ಕೇಳಿದರು. 1899ರ ಮಂಗಳೂರಿನಲ್ಲಿ ನಾಲ್ಕನೆಯ ಮನೆ ಯಾವುದಿತ್ತು ಎಂದು ನಾನು ಕೇಳಿದೆ. ಇಬ್ಬರ ಮಾತೂ ಸರಿಯೇ ಇರಬಹುದು.

ನಾಲ್ಕನೆಯ ಮನೆಯನ್ನು ಹೆಂಗಸರೇ ಕಟ್ಟಿಕೊಳ್ಳಬೇಕಾಯಿತು. ನಂಜನಗೂಡಿನ ತಿರುಮಲಾಂಬ, ಸ್ವತಃ ಬಾಲವಿಧವೆ, 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ನಡೆಸಿ ಪುಸ್ತಕ ಬರೆದು ತಾವೇ ಪ್ರಕಟಿಸಿದರು. ಕೊಡಗಿನ ಗೌರಮ್ಮ 1930ರ ದಶಕದಲ್ಲಿ ಸಣ್ಣಕತೆಯನ್ನೇ ಹಿಡಿದು, ವಿಧವೆಯರ ಒಳಗನ್ನು ಭಾಷಣವಿಲ್ಲದೆ ಬರೆದರು. 27ನೆಯ ವಯಸ್ಸಿಗೆ ನೀರುಪಾಲಾದರು. ಅವರ 'ಅಪರಾಧಿ ಯಾರು' ಕತೆಯ ಹೆಸರೇ ಸಾಕು, ಅಮೃತರಾಯರ ಕಾಲ ಮುಗಿದಿತ್ತೆಂದು ತಿಳಿಯಲು.

'ಇಂದಿರಾಬಾಯಿ'ಯನ್ನು ಬ್ರಿಟಿಷ್ ಅಧಿಕಾರಿ ಕೌಚ್‌ಮನ್ 1903ರಲ್ಲೇ ಇಂಗ್ಲಿಷಿಗೆ ತಂದಿದ್ದ. 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರ ಹೊಸ ಅನುವಾದ ಬಂತು. ಕನ್ನಡ ಮಾತಾಡಿದರೂ ಓದಲು ಬಾರದ ಇಲ್ಲಿನ ಮಕ್ಕಳಿಗೆ ನಾವು ಕೊಡುತ್ತಿರುವುದು ಅದನ್ನೇ.

ಅದನ್ನು ಓದಿದ ಒಬ್ಬಳು, ವಕೀಲಿ ಓದುತ್ತಿರುವವಳು, ಎಲ್ಲರನ್ನೂ ಬಿಟ್ಟು ದುಡ್ಡಿನ ವಿಷಯ ತೆಗೆದಳು. ಮರುಮದುವೆಯಾದ ವಿಧವೆಗೆ ಮೊದಲ ಗಂಡನ ಆಸ್ತಿಯಲ್ಲಿ ಏನು ಸಿಗುತ್ತಿತ್ತು? ವಿಧವಾ ವಿವಾಹಕ್ಕೆ ದಾರಿ ಮಾಡಿಕೊಟ್ಟ 1856ರ ಕಾಯ್ದೆಯ ಎರಡನೆಯ ಕಲಮನ್ನು ಮೊಬೈಲಿನಲ್ಲಿ ತೆಗೆದು ಅವಳೇ ಓದಿ ಹೇಳಿದಳು. ಏನೂ ಇಲ್ಲ. ಮರುಮದುವೆಯ ದಿನವೇ ಅವಳು ಸತ್ತಳೆಂದು ಎಣಿಸಿ, ಜೀವನಾಂಶ, ಆಸ್ತಿ ಎಲ್ಲವನ್ನೂ ಗಂಡನ ಕಡೆಯ ವಾರಸುದಾರರಿಗೆ ದಾಟಿಸಬೇಕು. ಆ ಕಾಯ್ದೆಯನ್ನು ಪುಸ್ತಕದಿಂದ ತೆಗೆದುಹಾಕಿದ್ದು 1983ರಲ್ಲಿ.