ಡಿಗ್ರಿ ಮುಗಿದ ಮೇಲೆ ಕೊಟ್ಟೂರಿನಲ್ಲಿ ಏನು ಕೆಲಸ?

ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆ ಎರಡು ದೂರು ಒಟ್ಟಿಗೇ ಕೇಳುತ್ತವೆ: ಮೆಕ್ಕೆಜೋಳ ಮುರಿಯಲು ಆಳು ಸಿಗುತ್ತಿಲ್ಲ, ಡಿಗ್ರಿ ಮುಗಿಸಿದವರಿಗೆ ಕೆಲಸ ಸಿಗುತ್ತಿಲ್ಲ. ಓದಿದವರಿಗೆ ಮೈ ಬಗ್ಗದು ಎಂದುಬಿಡುವುದು ಸುಲಭ. ಆದರೆ ಈ ಸೀಮೆಯ ಎಷ್ಟೋ ಕುಟುಂಬಗಳು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ದುಡಿದಿವೆ. ಆ ಗುಳೆ ತಪ್ಪಲಿ ಎಂದೇ ಮಕ್ಕಳನ್ನು ಕಾಲೇಜಿಗೆ ಕಳಿಸಿದ್ದು. 2022-23ರ ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆ ನೋಡಿ: ದೇಶದ ಒಟ್ಟು ನಿರುದ್ಯೋಗ ಶೇ 3.2, ಪದವೀಧರರಲ್ಲಿ ಶೇ 13ಕ್ಕೂ ಹೆಚ್ಚು. ಆಳಿನ ಕೊರತೆ ಇರುವುದು ಸುಗ್ಗಿಯ ಕೆಲವೇ ವಾರಗಳ ಕೂಲಿಗೆ. ಉಳಿದ ತಿಂಗಳು ಡಿಗ್ರಿ ಮುಗಿಸಿದ ಯುವಕ ಏನು ಉಣ್ಣಬೇಕು?

ಬಿಎ ಬಿಟ್ಟು ಐಟಿಐ ಸೇರಲಿ ಎನ್ನುವವರ ಮಾತು ಅರ್ಧ ಸರಿ. ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಯೇ ಇದೆ. ಫಿಟ್ಟರ್, ವೆಲ್ಡರ್ ಬೇಕೇ ಬೇಕು. ಆದರೆ ಕಲಿತ ಕೈಗೂ ಗುತ್ತಿಗೆ ಸಂಬಳವೇ ಗತಿಯಾದರೆ ಯಾರು ಕಲಿಯಲು ಬರುತ್ತಾರೆ? ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ, ಗರಿಷ್ಠ ಎರಡು ವರ್ಷ. ಆ ಎರಡು ವರ್ಷದೊಳಗೆ ತಾಲ್ಲೂಕಿನಲ್ಲೇ ಮೆಕ್ಕೆಜೋಳ ಸಂಸ್ಕರಣೆ, ಯಂತ್ರ ರಿಪೇರಿಯಂಥ ಪಿಎಫ್ ಇರುವ ಕೆಲಸ ಹುಟ್ಟಬೇಕು.