ಹೆಸರಿದೆ, ವಿಳಾಸ ಸಿಗುತ್ತಿಲ್ಲ!

ಕಟಪಾಡಿ ಸಮೀಪದ ಮಟ್ಟುವಿನ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅಲ್ಲಿನ ಬೆಳೆಗಾರರ ಮನೆಯ ವಿದ್ಯಾರ್ಥಿಯೊಬ್ಬ ಊರಿಗಾಗಿ ಇ-ಮೈಲ್ ಸರ್ವರ್ ಸ್ಥಾಪಿಸಲು ಹೊರಟಿದ್ದಾನೆಂದು ಭಾವಿಸೋಣ. ಮುಂಬಯಿಯ ವ್ಯಾಪಾರಿಯ ಬೇಡಿಕೆ ಅದಕ್ಕೇ ಬರಬೇಕು. ಅರ್ಧ ಕೆಲಸವಾಗುವಷ್ಟರಲ್ಲಿ ಪರದೆಯ ಮೇಲೆ ‘ಡಿ.ಎನ್.ಎಸ್. ಸಂಪರ್ಕ ವಿಫಲ’ ಎಂಬ ಸಾಲು! ಬೇಡಿಕೆ ತಡವಾದರೆ ಗುಳ್ಳ ಬುಟ್ಟಿಯಲ್ಲೇ ಬಾಡುತ್ತದೆ.

ಕಂಪ್ಯೂಟರುಗಳು ಪರಸ್ಪರ ಗುರುತಿಸುವುದು ಅಂಕಿಗಳಿಂದ. ನಾವು ಬಳಸುವುದು ಹೆಸರು. ಮೊದಲು ಎಲ್ಲ ಹೆಸರುಗಳ ಒಂದೇ ಪಟ್ಟಿ ಕ್ಯಾಲಿಫೋರ್ನಿಯಾದ ಸಂಶೋಧನಾ ಸಂಸ್ಥೆಯೊಂದರಲ್ಲಿತ್ತು. ಅದು ಸಾಲದಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಹಂಚಿಕೆಯ ವ್ಯವಸ್ಥೆಯನ್ನು ರೂಪಿಸಿದರು. ಅದೇ ಡಿ.ಎನ್.ಎಸ್. ಅಂಚೆಗೆ ಸಂಬಂಧಿಸಿದ ‘ಎಂ.ಎಕ್ಸ್.’ ಎಂಬ ನಮೂದೂ ಅದರಲ್ಲಿದೆ. ಈ ಊರಿನ ಟಪಾಲು ಯಾವ ಅಂಚೆ ಕಚೇರಿಗೆ ಹೋಗಬೇಕೆಂದು ಅದು ತಿಳಿಸುತ್ತದೆ.

ಈಗ ದೋಷ ಹುಡುಕೋಣ. ಮೊದಲು 8.8.8.8ರಂಥ ಅಂಕಿ ವಿಳಾಸಕ್ಕೆ ‘ಪಿಂಗ್’ ಮಾಡಿ. ಉತ್ತರ ಬಂದರೆ ತಂತಿ, ಮೋಡೆಮ್‌ಗಳು ಸರಿಯಾಗಿವೆ ಎಂದಾಯಿತು. ಬಳಿಕ ‘ಡಿಗ್’ ಅಥವಾ ‘ಎನ್‌ಎಸ್‌ಲುಕಪ್’ ಮೂಲಕ ಒಂದು ಹೆಸರನ್ನು ಕೇಳಿ. ಬರುವ ಉತ್ತರದ ಬಗೆಯಲ್ಲೇ ರೋಗದ ಗುರುತಿದೆ.

‘ಅಂಥ ಹೆಸರಿಲ್ಲ’ ಎಂದರೆ ಸಂಪರ್ಕ ಕೆಟ್ಟಿಲ್ಲ. ಹೆಸರಿನ ಕಾಗುಣಿತವೋ ನೋಂದಣಿಯೋ ತಪ್ಪಿದೆ. ಕಾದು ಕಾದು ಸಮಯ ಮೀರಿದರೆ ಪ್ರಶ್ನೆ ಹೋಗಿ ತಲುಪಿಲ್ಲ, ಇಲ್ಲವೇ ಉತ್ತರ ಮರಳಿಲ್ಲ. ಫೈರ್‌ವಾಲ್ 53ನೆಯ ಪೋರ್ಟನ್ನು ಮುಚ್ಚಿದೆಯೇ ನೋಡಿ. ಅದು ಯು.ಡಿ.ಪಿ., ಟಿ.ಸಿ.ಪಿ. ಎರಡಕ್ಕೂ ತೆರೆದಿರಬೇಕು. ಬರೀ ಯು.ಡಿ.ಪಿ. ಇದ್ದರೆ ಚಿಕ್ಕ ಉತ್ತರಗಳು ಬಂದು ದೊಡ್ಡವು ಬಾರದೆ ಹೋಗಬಹುದು. ಹುಡುಕುವವನಿಗೆ ಇದು ತಲೆನೋವೇ ಸರಿ.

ತಕ್ಷಣವೇ ‘ಸಂಪರ್ಕ ನಿರಾಕರಣೆ’ ಬಂದರೆ? ಸ್ಥಾಪನೆಯ ವೇಳೆ ನನಗೆ ಮೊದಲು ಅನುಮಾನ ಬರುವುದು 127.0.0.1ರ ಮೇಲೆ. ಯಂತ್ರ ತನ್ನನ್ನೇ ಕೇಳಿಕೊಳ್ಳುವ ವಿಳಾಸವಿದು. ಹೆಸರಿನ ಸೇವೆಯನ್ನೂ ಅದೇ ಯಂತ್ರದಲ್ಲಿ ನಡೆಸುವ ಯೋಜನೆಯಿದ್ದು, ಆ ಸೇವೆ ಇನ್ನೂ ಆರಂಭವಾಗದಿದ್ದರೆ, ಬೀಗ ಹಾಕಿದ ತನ್ನ ಮನೆಯ ಬಾಗಿಲನ್ನೇ ತಾನು ತಟ್ಟಿದಂತೆ! ತಾತ್ಕಾಲಿಕವಾಗಿ ಇಂಟರ್‌ನೆಟ್ ಸೇವೆಯವರ ಡಿ.ಎನ್.ಎಸ್. ವಿಳಾಸ ಕೊಟ್ಟು ಮುಂದುವರಿಯಿರಿ. ಉಬುಂಟುವಿನಲ್ಲಿ ‘ಸಿಸ್ಟಮ್‌ಡಿ-ರಿಸಾಲ್ವ್‌ಡ್’ ಮೊದಲೇ 127.0.0.53ರಲ್ಲಿ ಆ ಪೋರ್ಟನ್ನು ಹಿಡಿದು ಕುಳಿತಿರುವುದರಿಂದಲೂ ಹೊಸ ಸೇವೆ ಏಳದಿರಬಹುದು.

ಇಷ್ಟರೊಳಗೆ ಮುಂಬಯಿಯ ಪತ್ರ ಕಳೆದುಹೋಯಿತೇ? ಸಾಮಾನ್ಯವಾಗಿ ಇಲ್ಲ. ಸರ್ವರ್ ತಾತ್ಕಾಲಿಕವಾಗಿ ಸಿಗದಿದ್ದರೆ ಕಳುಹಿಸುವ ಯಂತ್ರ ನಾಲ್ಕೈದು ದಿನ ಮತ್ತೆಮತ್ತೆ ಪ್ರಯತ್ನಿಸುವುದು ವಾಡಿಕೆ. ‘ಹೆಸರೇ ಇಲ್ಲ’ ಎಂಬ ಉತ್ತರ ಸಿಕ್ಕರೆ ಮಾತ್ರ ಕೂಡಲೇ ಹಿಂದಿರುಗಿಸುತ್ತದೆ.